ಟ್ಯಾಪೆಟ್ ಮಾತಾಡುತ್ತಿರಬೇಕು

ಅಂಬಾಸಿಡರ್ ಎಂಜಿನ್ನಿನಲ್ಲಿ ಹೊಸ ಸದ್ದೊಂದು ಹುಟ್ಟಿದರೆ ಹಳೆಯ ಮೇಸ್ತ್ರಿಗಳು ಮೊದಲು ಪಾನಾ ಹಿಡಿಯುತ್ತಿರಲಿಲ್ಲ. ಬಾನೆಟ್ ಎತ್ತಿ ಸುಮ್ಮನೆ ನಿಲ್ಲುತ್ತಿದ್ದರು. ನಾನು ಶಿವಮೊಗ್ಗದಲ್ಲಿ ಗ್ಯಾರೇಜ್ ಕೆಲಸ ಕಲಿತ 1970ರ ದಶಕದಲ್ಲಿ ಊರಿನ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಅಂಬಾಸಿಡರ್, ಉಳಿದವು ಫಿಯೆಟ್. ಗಾಡಿಗಳು ಬೆರಳೆಣಿಕೆಯ ಜಾತಿಯವಾದ್ದರಿಂದ ಅವುಗಳ ಸದ್ದು ಕಿವಿಗೆ ಕಂಠಪಾಠವಾಗಿತ್ತು. ಆ ಕಿವಿಯ ವಿದ್ಯೆಯ ಚರಿತ್ರೆಯನ್ನು ನಮ್ಮಲ್ಲಿ ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬ ಕೊರಗು ನನಗಿದೆ.

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಹಿಂದುಸ್ತಾನ್ ಮೋಟರ್ಸ್ ಅದನ್ನು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ನಮ್ಮ ಕೈಗೆ ಹೆಚ್ಚಾಗಿ ಬರುತ್ತಿದ್ದದ್ದು 1489 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಬಾನೆಟ್ ಒಳಗೆ ಎಷ್ಟು ಜಾಗವಿತ್ತೆಂದರೆ ಬಗ್ಗಿ ನೋಡಿದರೆ ಕೆಳಗಿನ ನೆಲ ಕಾಣುತ್ತಿತ್ತು. ಸದ್ದು ಎಲ್ಲಿಂದ ಬಂದರೂ ಅಲ್ಲಿಗೆ ಕೈ ಹೋಗುತ್ತಿತ್ತು.

ನಮ್ಮ ಮೇಸ್ತ್ರಿ ಡ್ರೈವರನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುತ್ತೋ, ಬಿಸಿಯಾದ ಮೇಲೆ ಬರುತ್ತೋ?" ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ತಣ್ಣಗಿದ್ದಾಗ ಬಡಿದು, ಬಿಸಿಯಾದಂತೆ ಕರಗುವ ಸದ್ದು ಸವೆದ ಬೋರಿನಲ್ಲಿ ಪಿಸ್ಟನ್ ಅಲುಗಾಡುವುದರದ್ದು. ಲೋಹ ಬಿಸಿಗೆ ಹಿಗ್ಗಿದಂತೆ ಸಂದು ಮುಚ್ಚಿಕೊಳ್ಳುತ್ತದೆ. ಬಿಸಿಯಾಗಿ ಆಯಿಲ್ ತೆಳ್ಳಗಾದ ಮೇಲೆ, ಲೋಡ್ ಬಿದ್ದಾಗ, ಕೆಳಗಿನಿಂದ ದಪ್ಪನೆ ಗುದ್ದಿದರೆ ಬೇರಿಂಗ್ ಹೋಗಿದೆಯೆಂದು ಹೆದರಬೇಕು.

ಆಮೇಲೆ ನನಗೆ ಆಜ್ಞೆಯಾಗುತ್ತಿತ್ತು: "ಸ್ವಲ್ಪ ರೇಸ್ ಕೊಡೋ." ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಹಾಗಾಗಿ ಎಂಜಿನ್ನಿನ ವೇಗದ ಅರ್ಧ ಲಯದಲ್ಲಿ ಟಿಕ್ ಟಿಕ್ ಎಂದರೆ ವಾಲ್ವ್ ಕಡೆಯದು, ಪೂರ್ತಿ ಲಯದಲ್ಲಿ ಬಡಿದರೆ ಕ್ರ್ಯಾಂಕ್ ಕಡೆಯದು ಎಂದು ಅಂದಾಜು ಮಾಡಬಹುದು. ಮುಂದಿನದು ಪ್ಲಗ್ ಪರೀಕ್ಷೆ. ಒಂದೊಂದೇ ಸಿಲಿಂಡರಿನ ಪ್ಲಗ್ಗನ್ನು ಶಾರ್ಟ್ ಮಾಡುತ್ತ ಹೋಗುವುದು. ಮೂರನೆಯದರಲ್ಲಿ ಕಿಡಿ ನಿಂತಾಗ ಗುದ್ದು ಮೆತ್ತಗಾದರೆ ಅಲ್ಲಿನ ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್, ಸವೆದಿದೆ. ಯಾವುದನ್ನು ನಿಲ್ಲಿಸಿದರೂ ಹೆಚ್ಚು ಬದಲಾಗದೆ, ಆಯಿಲ್ ಪ್ರೆಷರ್ ಕೂಡ ಇಳಿದಿದ್ದರೆ ಮೇನ್ ಬೇರಿಂಗಿನ ಮೇಲೆ ಗುಮಾನಿ. ಮುಂಭಾಗದಲ್ಲಿ ಕಿರುಗುಟ್ಟಿದರೆ ಫ್ಯಾನ್ ಬೆಲ್ಟ್ ಬಿಚ್ಚಿ ಅರೆನಿಮಿಷ ಓಡಿಸುತ್ತಿದ್ದೆವು. ಸದ್ದು ನಿಂತಿತೋ, ಡೈನಮೋ ಇಲ್ಲವೇ ವಾಟರ್ ಪಂಪಿನದು.

ಕೊನೆಗೆ ಉದ್ದನೆಯ ಸ್ಕ್ರೂಡ್ರೈವರ್. ತುದಿ ಎಂಜಿನ್ನಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಯ ಬಡಿತ ಕೇಳಿದ್ದನಲ್ಲ, ಅದೇ ಬಗೆಯ ಕೆಲಸ ಇದು.

ಒಂದು ಸದ್ದಿಗೆ ಮಾತ್ರ ಸ್ಕ್ರೂಡ್ರೈವರ್ ಉಪಯೋಗಕ್ಕೆ ಬರುತ್ತಿರಲಿಲ್ಲ. ಉಡುಪಿ ಕಡೆಯಿಂದ ಬರುವ ಗಾಡಿ ಜನರನ್ನು ತುಂಬಿಕೊಂಡು ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಮಾತ್ರ ಕೇಳುವ, ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಕಿಣಿಕಿಣಿ. ಪಿಂಗಿಂಗ್ ಎನ್ನುತ್ತಿದ್ದೆವು. ಕಿಡಿಯ ಟೈಮಿಂಗ್ ಸರಿಯಿದ್ದರೆ ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತಿದ್ದರು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿರುತ್ತಿತ್ತು.

ಈ ಕಿಣಿಕಿಣಿಯ ಚರಿತ್ರೆ ಶುರುವಾಗುವುದೂ ಸೀಮೆಎಣ್ಣೆಯಿಂದಲೇ. ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಹಳ್ಳಿಮನೆಗಳಿಗೆ ವಿದ್ಯುತ್ ಕೊಡುವ ಸೀಮೆಎಣ್ಣೆ ಎಂಜಿನ್ ತಯಾರಿಸಿದ್ದ. ಅದು ಬಡಿಯುತ್ತಿತ್ತು. ಕಾರುಗಳ ಬಡಿತಕ್ಕೂ ಅವನ ಬ್ಯಾಟರಿ ಇಗ್ನಿಷನ್ನೇ ಕಾರಣ ಎಂಬ ದೂರಿತ್ತು. 1916ರಲ್ಲಿ ಅವನು ಈ ಬಡಿತದ ಸಮಸ್ಯೆಯನ್ನು ಥಾಮಸ್ ಮಿಜ್ಲಿ ಎಂಬ ಯುವ ಎಂಜಿನಿಯರನಿಗೆ ಒಪ್ಪಿಸಿದ. ಒಳಗಿನ ಒತ್ತಡವನ್ನು ಅಳೆದು ನೋಡಿದ ಮಿಜ್ಲಿ, ದೋಷ ಇಗ್ನಿಷನ್ನಿನದಲ್ಲ, ಇಂಧನದ್ದು ಎಂದು ತೋರಿಸಿದ. ಕಿಡಿ ಹಾರಿದ ಮೇಲೆ, ಜ್ವಾಲೆ ತಲುಪುವ ಮುನ್ನವೇ ಮೂಲೆಯ ಅನಿಲ ಒತ್ತಡಕ್ಕೆ ತಾನಾಗಿ ಸಿಡಿಯುವುದೇ ಆ ಸದ್ದು. ಎಂಜಿನ್ ಸದ್ದಿನ ರೋಗಪತ್ತೆಯಲ್ಲಿ ಇಷ್ಟು ಚೊಕ್ಕ ಕೆಲಸ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಮದ್ದು ಮಾತ್ರ ಘೋರವಾಯಿತು. ಆಲ್ಕೋಹಾಲ್ ಬೆರೆಸಿದರೂ ಬಡಿತ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ 1921ರ ಡಿಸೆಂಬರ್ 9ರಂದು ಪರೀಕ್ಷೆಯಲ್ಲಿ ಗೆದ್ದ ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ, 1923ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಆಮೇಲೂ ಮಾರಾಟ ನಡೆಯಿತು. ಒಂದು ಸದ್ದು ಅಡಗಿಸಲು ಜಗತ್ತಿನ ಬೀದಿಬೀದಿಗೆ ಸೀಸ ಉಗುಳಿದೆವು. 1999ರಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದನ್ನು ನಡೆಸಿದ ಜಾರ್ಜ್ ಫೌಂಡೇಶನ್ನಿನ ಅಧ್ಯಯನ, ನಮ್ಮ ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳ ಪೈಕಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಸೀಸ ಮಿತಿ ಮೀರಿದೆ ಎಂದಿತು. 2000ದ ಫೆಬ್ರವರಿ 1ರಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು.

ಅದು ನಿಂತದ್ದು ಒಳ್ಳೆಯದೇ. ಹಳೆಯ ಗಾಡಿಗಳಲ್ಲಿ ಮಾತ್ರ ಹೊಸದೊಂದು ಕಾಯಿಲೆಗೆ ದಾರಿಯಾಯಿತು. ಸೀಸದ ತೆಳುಪದರ ಎರಕದ ಕಬ್ಬಿಣದ ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿತ್ತು. ಅದಿಲ್ಲದೆ ಎಳೆದು ದುಡಿದ ಎಂಜಿನ್ನುಗಳಲ್ಲಿ ಸೀಟು ಸವೆದು ವಾಲ್ವ್ ಒಳಗಿಳಿಯುತ್ತದೆ, ವಾಲ್ವನ್ನು ತೆರೆಯುವ ಟ್ಯಾಪೆಟ್ಟಿನ ಸಂದು ಮುಚ್ಚುತ್ತದೆ. ಆಗ ಎಂಜಿನ್ ಗದ್ದಲ ಬಿಟ್ಟು ನಯವಾಗಿ ಓಡುತ್ತದೆ! ಮಾಲೀಕ ಹಿಗ್ಗುತ್ತಾನೆ. ಒಳಗೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತಿರುತ್ತದೆ. "ಟ್ಯಾಪೆಟ್ ಮಾತಾಡ್ತಾ ಇರಬೇಕು, ಸುಮ್ಮನಾದರೆ ಫೀಲರ್ ಗೇಜ್ ತಗೋ" ಎಂದು ನಮ್ಮ ಮೇಸ್ತ್ರಿ ಹೇಳುತ್ತಿದ್ದರು. ಬೇರಿಂಗ್ ಗುದ್ದುವ ಗಾಡಿಗೆ ಗಟ್ಟಿ ಆಯಿಲ್ ಸುರಿದು ಸದ್ದು ಅಡಗಿಸಿ ಮಾರುವವರನ್ನು ಕಂಡರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆ ಸಿಟ್ಟು ಇವತ್ತಿಗೂ ನನ್ನಲ್ಲಿದೆ.

ಈಗಿನ ಕಾರಿನಲ್ಲಿ ನಾಕ್ ಸೆನ್ಸರ್ ಎಂಬ ಪುಟ್ಟ ಕಿವಿಯನ್ನು ಎಂಜಿನ್ನಿಗೇ ಬಿಗಿದಿರುತ್ತಾರೆ. ಕಿಣಿಕಿಣಿ ಶುರುವಾದ ಕ್ಷಣವೇ ಕಂಪ್ಯೂಟರು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಒಳ್ಳೆಯ ಯಂತ್ರವೇ. ಆದರೆ ಅದು ಕಿವಿಗೊಡುವುದು ಪಿಂಗಿಂಗ್‌ಗೆ ಮಾತ್ರ. ಪಿಸ್ಟನ್, ಬಿಗ್ ಎಂಡ್, ಟೈಮಿಂಗ್ ಚೈನಿನ ಸವೆತಕ್ಕೆ ಇಂದಿಗೂ ಮನುಷ್ಯನ ಕಿವಿಯೇ ಬೇಕು.

ಹಳೆಯ ಗಾಡಿ ಇಟ್ಟುಕೊಂಡವರಿಗೆ ನನ್ನದೊಂದು ವಿನಂತಿ. ಸದ್ದು ಬಂದರೆ ಹಿಂದಿನ ರಾತ್ರಿಯೇ ಗಾಡಿಯನ್ನು ಮೇಸ್ತ್ರಿಯ ಹತ್ತಿರ ಬಿಟ್ಟು ಬನ್ನಿ. ಬೆಳಗಿನ ತಣ್ಣನೆಯ ಮೊದಲ ಸ್ಟಾರ್ಟನ್ನು ಅವರೇ ಕೇಳಲಿ. ಐಟಿಐಗಳಲ್ಲಿ ಮೋಟರ್ ಮೆಕ್ಯಾನಿಕ್ ಪಾಠ ಹೇಳುವವರು ಊರಿನ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿ, ಓಡುವ ಒಂದು ಅಂಬಾಸಿಡರ್ ಎಂಜಿನ್ ಮುಂದೆ ಮಕ್ಕಳನ್ನು ನಿಲ್ಲಿಸಿ, ಅವರು ಹೇಳುವುದನ್ನು ಸದ್ದಿನ ಸಮೇತ ರೆಕಾರ್ಡ್ ಮಾಡಿಡಲಿ. ಅವರಿರುವಾಗಲೇ ಈ ಕೆಲಸ ಆಗಬೇಕು.