ತೇರಿನೋಟದ ಗೆಲುವು ಯಾರದು?

ತೇರು ಎಂದೊಡನೆ ಕೋಲಾರ ಸೀಮೆಯ ವಾಚಕರಿಗೆ ನೆನಪಾಗುವುದು ದೇವರ ತೇರು. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಶಿವರಾತ್ರಿಯ ಸುಮಾರಿಗೆ ರಾಮಲಿಂಗೇಶ್ವರನ ರಥೋತ್ಸವವೂ ದನಗಳ ಜಾತ್ರೆಯೂ ಒಟ್ಟಿಗೇ ನಡೆಯುತ್ತವೆ. ಮಾಲೂರಿನ ಕಡೆಯವರಿಗೆ ಚಿಕ್ಕತಿರುಪತಿಯ ತೇರು ಉಂಟು. ಈ ತೇರುಗಳಿಗೆ ಅವಸರವೆಂಬುದಿಲ್ಲ. ನೂರಾರು ಕೈಗಳು ಮಿಣಿ ಹಿಡಿದು ಎಳೆಯುತ್ತವೆ. ತೇರು ಸುಖವಾಗಿ ನೆಲೆಗೆ ಬಂದರೆ ಊರಿಗೆಲ್ಲ ಸಂತೋಷ. ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಆದರೆ ತೇರನ್ನು ಪಂದ್ಯಕ್ಕಾಗಿಯೇ ಓಡಿಸಿ, ಗೆದ್ದವನ ತಲೆಗೆ ಎಲೆಯ ಕಿರೀಟವಿಟ್ಟು ಕೊಂಡಾಡಿದ ಜನವೂ ಲೋಕದಲ್ಲಿ ಇದ್ದರು. ಅವರೇ ಪ್ರಾಚೀನ ಗ್ರೀಕರು. ಅವರ ಕಥೆಯನ್ನು ಓದುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಓಡಿದ್ದು ಕುದುರೆ, ಪ್ರಾಣದ ಹಂಗು ತೊರೆದು ಓಡಿಸಿದವನು ಸಾರಥಿ, ಹಣ ಹಾಕಿದವನು ಧಣಿ. ಗೆಲುವು ಈ ಮೂವರಲ್ಲಿ ಯಾರದು?

ಹೋಮರ್ ಕವಿಯ ‘ಇಲಿಯಡ್’ ಮಹಾಕಾವ್ಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಯುದ್ಧದಲ್ಲಿ ಮಡಿದ ಪೆಟ್ರೊಕ್ಲಸನ ಉತ್ತರಕ್ರಿಯೆಯ ಅಂಗವಾಗಿ ಅಲ್ಲಿ ತೇರಿನ ಪಂದ್ಯ ನಡೆಯುತ್ತದೆ. ಐವರು ವೀರರು ತಾವೇ ಲಗಾಮು ಹಿಡಿದು ಓಡಿಸುತ್ತಾರೆ. ಅಪಾಯಕ್ಕೆ ಎದೆಯೊಡ್ಡಿದವನೂ ಬಹುಮಾನ ಪಡೆದವನೂ ಒಬ್ಬನೇ.

ಒಲಿಂಪಿಯಾದ ಉತ್ಸವಕ್ಕೆ ಬಂದರೆ ಸಂಗತಿ ಬೇರೆಯಾಗುತ್ತದೆ. ಅಲ್ಲಿ ನಾಲ್ಕು ಕುದುರೆಯ ತೇರಿನ ಓಟ ಸೇರಿದ್ದು, ಗ್ರೀಕರ ಲೆಕ್ಕದಂತೆ, ಕ್ರಿ.ಪೂ. 680ರಲ್ಲಿ. ಬಯಲಿನ ಎರಡು ತುದಿಯ ಕಂಬಗಳನ್ನು ಬಳಸಿ ತೇರುಗಳು ಹನ್ನೆರಡು ಸುತ್ತು ಓಡಬೇಕು. ಕಂಬಕ್ಕೆ ತೀರ ಹತ್ತಿರ ತಿರುಗಿಸಿದರೆ ಗಾಲಿ ತಗುಲಿ ಮುರಿಯುತ್ತದೆ. ದೂರ ಹೋದರೆ ಹಿಂದಿನವನು ಒಳಗೆ ನುಗ್ಗುತ್ತಾನೆ. ಕ್ರಿ.ಪೂ. 462ರಲ್ಲಿ ಡೆಲ್ಫಿಯ ಪಂದ್ಯದಲ್ಲಿ ನಲವತ್ತು ಸಾರಥಿಗಳು ಬಿದ್ದರೆಂದೂ, ಸೈರೀನಿನ ಅರಸನ ತೇರೊಂದು ಮುಕ್ಕಾಗದೆ ಉಳಿಯಿತೆಂದೂ ಪಿಂಡಾರ್ ಕವಿ ಹಾಡಿದ್ದಾನೆ. ಆ ತೇರನ್ನು ನಡೆಸಿದ ಕ್ಯಾರೊಟಸನ ಹೆಸರನ್ನೂ ಕವಿ ಹೇಳಿದ. ಇದು ಸಾರಥಿಗಳಿಗೆ ಅಪರೂಪವಾಗಿ ಸಂದ ಗೌರವ.

ಏಕೆಂದರೆ ಕಿರೀಟ ಸಲ್ಲುತ್ತಿದ್ದುದು ಕುದುರೆಗಳ ಧಣಿಗೆ. ಅವನು ಬಯಲಿಗೆ ಕಾಲಿಡಬೇಕೆಂಬ ನಿಯಮವೂ ಇರಲಿಲ್ಲ. ಸ್ಪಾರ್ಟದ ರಾಜಕುಮಾರಿ ಕಿನಿಸ್ಕಾ ಕ್ರಿ.ಪೂ. 396ರಲ್ಲಿಯೂ 392ರಲ್ಲಿಯೂ ಗೆದ್ದಳು. ಮದುವೆಯಾದ ಹೆಂಗಸರು ನೋಡಲು ಕೂಡ ಬರಬಾರದೆಂದು ಕಟ್ಟಳೆಯಿದ್ದ ಉತ್ಸವದಲ್ಲಿ ಒಬ್ಬ ಹೆಣ್ಣುಮಗಳಿಗೆ ಕಿರೀಟ! ಕೇಳಲು ಸೊಗಸಾದ ಸಂಗತಿಯೇ. ಆದರೆ ಅವಳಿಂದ ತೇರು ಕಟ್ಟಿಸಿದ ಅಣ್ಣ, ದೊರೆ ಅಜೆಸಿಲಾಸನ ಉದ್ದೇಶವೇ ಬೇರೆಯಾಗಿತ್ತೆಂದು ಪ್ರಾಚೀನರು ಬರೆದಿದ್ದಾರೆ. ಈ ಗೆಲುವಿಗೆ ಬೇಕಾದುದು ಶೌರ್ಯವಲ್ಲ, ಹಣ ಮಾತ್ರ ಎಂದು ಅವನು ಲೋಕಕ್ಕೆ ತೋರಿಸಬೇಕಾಗಿತ್ತಂತೆ.

ಹಣದಿಂದ ಬಂದದ್ದನ್ನು ಕೈಬದಲು ಮಾಡಲೂಬಹುದಷ್ಟೆ? ಅಥೆನ್ಸಿನ ಕಿಮೋನ್ ಎಂಬ ಸಿರಿವಂತನ ಕಥೆಯನ್ನು ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಸರ್ವಾಧಿಕಾರಿ ಪಿಸಿಸ್ಟ್ರಾಟಸನು ಅವನನ್ನು ಊರಿನಿಂದ ಹೊರಗಟ್ಟಿದ್ದ. ದೇಶಭ್ರಷ್ಟನಾಗಿದ್ದಾಗಲೇ ಕಿಮೋನನ ಕುದುರೆಗಳು ಒಲಿಂಪಿಯಾದಲ್ಲಿ ಗೆದ್ದವು. ಅವೇ ಹೆಣ್ಣುಕುದುರೆಗಳು ಎರಡನೆಯ ಸಲ ಗೆದ್ದಾಗ ಅವನು ಆ ಗೆಲುವನ್ನು ಪಿಸಿಸ್ಟ್ರಾಟಸನ ಹೆಸರಿನಲ್ಲಿ ಸಾರಿಸಿದ. ಪ್ರತಿಯಾಗಿ ಊರಿಗೆ ಮರಳುವ ಅಪ್ಪಣೆ ಪಡೆದ. ಮೂರನೆಯ ಸಲವೂ ಗೆದ್ದ. ಅಷ್ಟರಲ್ಲಿ ಪಿಸಿಸ್ಟ್ರಾಟಸ್ ತೀರಿಕೊಂಡಿದ್ದ. ಅವನ ಮಕ್ಕಳು ಕಿಮೋನನನ್ನು ರಾತ್ರಿಯ ಹೊತ್ತು ಕೊಲ್ಲಿಸಿದರು. ಆ ಕುದುರೆಗಳನ್ನು ಅವನ ಗೋರಿಯ ಎದುರಿಗೆ ಹೂಳಿದರೆಂಬುದನ್ನೂ ಹೆರೊಡೊಟಸ್ ಮರೆಯದೆ ಬರೆದಿದ್ದಾನೆ. ಕುದುರೆಗಳಿಗೆ ಅಷ್ಟಾದರೂ ಮರ್ಯಾದೆ ಸಂದಿತು. ಮೂರು ಸಲ ಅವುಗಳನ್ನು ಓಡಿಸಿದವನು ಯಾರೆಂದು ಅವನು ಹೇಳುವುದಿಲ್ಲ.

1896ರಲ್ಲಿ ಡೆಲ್ಫಿಯ ಅಗೆತದಲ್ಲಿ ಸಿಕ್ಕ ಕಂಚಿನ ಸಾರಥಿಯ ವಿಗ್ರಹವೂ ಇದನ್ನೇ ಸಾರುತ್ತದೆ. ಆಳೆತ್ತರದ ಮೂರ್ತಿ, ನಿಲುವಂಗಿಯ ನೆರಿಗೆ, ಕೈಯಲ್ಲಿ ಲಗಾಮಿನ ತುಂಡು, ಶಾಂತವಾದ ಮುಖ. ಗ್ರೀಕ್ ಶಿಲ್ಪದಲ್ಲಿ ಇದಕ್ಕೆ ಸಾಟಿಯಾದವು ಬಹಳವಿಲ್ಲ. ಪೀಠದ ಬರಹದಲ್ಲಿ ಕಾಣುವುದು ಗೆಲಾ ಪಟ್ಟಣದ ಒಡೆಯ ಪಾಲಿಜೆಲಸನ ಹೆಸರು. ಮುಖ ಸಾರಥಿಯದು, ಹೆಸರು ಧಣಿಯದು.

ಇನ್ನು ನಮ್ಮ ನಾಡಿನತ್ತ ತಿರುಗೋಣ. ತೇರಿನೋಟ ನಮ್ಮವರಿಗೂ ಅಪರಿಚಿತವಲ್ಲ. ವೇದಕಾಲದ ವಾಜಪೇಯ ಯಾಗದಲ್ಲಿ ಹದಿನೇಳು ರಥಗಳ ಓಟ ಒಂದು ಮುಖ್ಯ ಅಂಗ. ಹದಿನೇಳು ಬಾಣದೆಸೆತದಷ್ಟು ದೂರಕ್ಕೆ ಗುರಿ ನೆಟ್ಟು ಓಡಿಸುತ್ತಿದ್ದರು. ಕುದುರೆಗಳಿಗೆ ಕಾಡಕ್ಕಿಯ ಚರುವನ್ನು ಮೂಸಿಸುತ್ತಿದ್ದರು. ಆದರೆ ಗೆಲ್ಲುವವನು ಯಜಮಾನನೇ ಎಂಬುದು ಮೊದಲೇ ಗೊತ್ತಾದ ವಿಧಿ. ಬಾದಾಮಿಯ ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಮಾಡಿದ ಯಾಗಗಳಲ್ಲಿ ವಾಜಪೇಯವೂ ಒಂದೆಂದು ಮಹಾಕೂಟದ ಸ್ತಂಭಶಾಸನ ತಿಳಿಸುತ್ತದೆ. ಇಲ್ಲಿಯೂ, ನೋಡಿ, ಗೆಲುವು ಧಣಿಯದೇ!

ಹಾಗಾದರೆ ದುಡಿದವನನ್ನು ನೆನೆಯುವ ಪದ್ಧತಿ ಎಲ್ಲಿಯೂ ಇರಲಿಲ್ಲವೆ? ಇತ್ತು, ಅದು ನಿಮ್ಮ ಊರಿನ ಹೊಲದ ಬದುವಿನಲ್ಲಿಯೇ ನಿಂತಿದ್ದರೂ ಇರಬಹುದು. ಬಿ. ಎಲ್. ರೈಸರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ಜೋಡಿಸಿದ ಆ ಗ್ರಂಥದಲ್ಲಿ ವೀರಗಲ್ಲುಗಳು ಹೇರಳ. ಗಂಗರೋ ಬಾಣರೋ ನೊಳಂಬರೋ ಆಳುತ್ತಿದ್ದ ಕಾಲ. ಹಗೆಗಳು ತುರುಗಳನ್ನು ಹೊಡೆದುಕೊಂಡು ಹೋದರು. ಒಬ್ಬನು ಬೆನ್ನಟ್ಟಿ ಹೋರಾಡಿ ಮಡಿದನು. ಅರಸನ ಹೆಸರು ಕಾಲವನ್ನು ತಿಳಿಸಲು ಮೊದಲು ಬರುತ್ತದೆ. ಆದರೆ ಕಲ್ಲು ನೆಟ್ಟಿರುವುದು ಮಡಿದವನಿಗಾಗಿ, ಹೆಸರು ಅವನದು. ಅವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಕೊಡಗೆ ಎಂದು ಹೆಸರು.

ಪ್ರಾಣಿಯನ್ನೂ ನಮ್ಮವರು ಮರೆಯಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು, ಹಂದಿಯೊಡನೆ ಸೆಣಸಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿನದು. ಒಡೆಯ ಮಣಲೇರನು ನಾಯಿಯ ಹೆಸರನ್ನು ಕಲ್ಲಿನಲ್ಲಿ ಉಳಿಸಿದ.

ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಎತ್ತಿನಗಾಡಿಯ ಓಟವೂ ಕಂಬಳವೂ ನಮ್ಮಲ್ಲಿ ಇಂದಿಗೂ ನಡೆಯುತ್ತಿವೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನಗಾಡಿ ಓಟವನ್ನೂ ನಿಷೇಧಿಸಿತು; 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು; 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಮೂಕಪ್ರಾಣಿಗೆ ಅನಗತ್ಯವಾದ ನೋವಾಗಬಾರದೆಂಬುದೇ ಈ ವಾದವಿವಾದದ ತಿರುಳು. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳನ್ನು ಓಡಿಸಿದ ಶ್ರೀನಿವಾಸ ಗೌಡರ ಹೆಸರು ದೇಶದ ಉದ್ದಗಲಕ್ಕೂ ಹಬ್ಬಿತು. ಒಲಿಂಪಿಯಾದ ಕಟ್ಟಳೆಯಂತೆ ನಡೆದಿದ್ದರೆ ಅದು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಪಂದ್ಯ ಬೇಕೆ ಬೇಡವೆ ಎಂಬುದನ್ನು ಕುರಿತು ಭಿನ್ನಾಭಿಪ್ರಾಯ ಇರಬಹುದು. ಆದರೆ ನಡೆಸುವವರು ಇಷ್ಟನ್ನು ನೆನೆದರೆ ಸಾಕು: ಬಹುಮಾನದ ಹಣ ಧಣಿಯ ಕೈಗೆ ಹೋಗಲಿ; ಓಡಿಸಿದವನ ಹೆಸರನ್ನು ಕೂಗಿ ಹೇಳಲಿ; ಓಡಿದ ಎತ್ತಿಗೆ ಮೊದಲು ನೆರಳೂ ನೀರೂ ದೊರೆಯಲಿ.