ಋಣ ನಡೆಯುತ್ತದೆ, ಅಡವು ನಿಲ್ಲುತ್ತದೆ

ಸಾಲದ ಕಂತುಗಳು ತೀರುವ ಮೊದಲೇ ಮನೆ ಬದಲಾಯಿಸಬೇಕಾಗಿ ಬಂದ ಕುಟುಂಬದ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಹಳೆಯ ಮನೆಯ ಮೇಲಿನ ಅಡಮಾನವನ್ನು ಹೊಸ ಮನೆಗೆ ವರ್ಗಾಯಿಸಬಹುದೇ? ಇದು ಬ್ಯಾಂಕುಗಳ ಕಾಲದ ಪ್ರಶ್ನೆಯೆಂದು ತೋರಿದರೂ ಇದರ ಬೇರು ಬಹಳ ಹಳೆಯದು. ಋಣವು ಮನುಷ್ಯನನ್ನು ಹಿಂಬಾಲಿಸುತ್ತದೆ. ಅವನ ತರುವಾಯ ಮಕ್ಕಳನ್ನೂ ಹಿಂಬಾಲಿಸುತ್ತದೆ. ಅಡವಾದರೋ ಇಟ್ಟ ವಸ್ತುವಿಗೇ ಅಂಟಿಕೊಂಡಿರುತ್ತದೆ. ಈ ಭೇದವನ್ನು ಧರ್ಮಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅಲ್ಲಿ ಅಡವಿಗೆ ‘ಆಧಿ’ ಎಂದು ಹೆಸರು. ಸುಮ್ಮನೆ ಕಾದಿಡತಕ್ಕದ್ದು ಗೋಪ್ಯ. ಸಾಲ ಕೊಟ್ಟವನು ಫಲವನ್ನು ಅನುಭವಿಸತಕ್ಕದ್ದು ಭೋಗ್ಯ. ಬೆಂಗಳೂರಿನ ಬೀದಿಗಳಲ್ಲಿ ಮನೆ ಭೋಗ್ಯಕ್ಕಿದೆಯೆಂದು ಇಂದಿಗೂ ತೂಗುವ ಫಲಕಗಳಲ್ಲಿ ಆ ಪರಿಭಾಷೆಯ ಒಂದು ಪದ ಉಳಿದುಬಂದಿದೆ.

ಸ್ಮೃತಿಯ ಮೂರು ನಿಯಮಗಳು ಇಲ್ಲಿ ಗಮನಾರ್ಹವಾಗಿವೆ. ಒಂದೇ ವಸ್ತುವನ್ನು ಇಬ್ಬರಲ್ಲಿ ಅಡವಿಟ್ಟರೆ ಮೊದಲಿನದಕ್ಕೇ ಬಲ. ಜೋಪಾನ ಮಾಡಿದರೂ ಅಡವಿನ ವಸ್ತು ಸಾರಹೀನವಾದರೆ ಸಾಲಗಾರನು ಬೇರೊಂದು ಅಡವನ್ನು ಇಡಬೇಕು, ಇಲ್ಲವೇ ಹಣವನ್ನು ಸಲ್ಲಿಸಬೇಕು. ಹಣದೊಡನೆ ಬಂದವನಿಗೆ ಅಡವನ್ನು ಬಿಟ್ಟುಕೊಡದ ಧನಿಕನು ಕಳ್ಳನೆನಿಸುವನು. ಎರಡನೆಯ ನಿಯಮವು ಹುಟ್ಟಿದ್ದು ಮನೆ ಬದಲಾಯಿಸುವವರಿಗಾಗಿ ಅಲ್ಲ. ಆದರೂ ಋಣವನ್ನು ಉಳಿಸಿಕೊಂಡು ಅದರ ಆಧಾರವನ್ನು ಮಾತ್ರ ಬದಲಿಸಬಹುದೆಂಬ ತತ್ತ್ವ ಅದರಲ್ಲಿ ಅಡಗಿದೆ.

ಬ್ರಿಟಿಷರ ಕಾಲದ 1882ರ ಆಸ್ತಿ ವರ್ಗಾವಣೆ ಅಧಿನಿಯಮವು ಅಡಮಾನಕ್ಕೆ ಹೊಸ ಚೌಕಟ್ಟನ್ನು ಕೊಟ್ಟಿತು. ಸಾಲ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಅದರ 60ನೆಯ ಕಲಮಿನಲ್ಲಿದೆ. 1929ರ ತಿದ್ದುಪಡಿಯಿಂದ ಸೇರಿದ 60ಎ ಕಲಮಿನಂತೆ, ಬಿಡಿಸಿಕೊಳ್ಳಲು ಅರ್ಹನಾದ ಸಾಲಗಾರನು ಅಡಮಾನವನ್ನು ತಾನು ಸೂಚಿಸಿದ ಮೂರನೆಯವನಿಗೆ ವಹಿಸಿಕೊಡುವಂತೆಯೂ ಕೇಳಬಹುದು. ಇಲ್ಲಿ ಮನೆ ಅದೇ, ಧನಿಕ ಬೇರೆ. ಮನೆ ಬದಲಾಯಿಸುವವನಿಗೆ ಬೇಕಾದದ್ದು ಇದಕ್ಕೆ ವಿಪರೀತ: ಧನಿಕ ಅದೇ, ಮನೆ ಬೇರೆ. ಅದು ಹಕ್ಕಿನಿಂದ ದೊರೆಯುವಂಥದಲ್ಲ. ಧನಿಕನ ಒಪ್ಪಿಗೆಯಿಂದ ಮಾತ್ರ ಸಾಧ್ಯ. ಹೊಸ ಮನೆಯ ಬೆಲೆ, ದಾಖಲೆಗಳ ಶುದ್ಧಿ, ಸಾಲಗಾರನ ವರಮಾನ ಇವೆಲ್ಲವನ್ನೂ ತೂಗಿ ನೋಡಿದ ಮೇಲೆಯೇ ಅವನು ಒಪ್ಪುವನು. ಒಪ್ಪದಿದ್ದರೆ ಹಳೆಯ ಮನೆಯನ್ನು ಮಾರಿ ಬಂದ ಹಣ ಮೊದಲು ಸಾಲಕ್ಕೆ ಸಲ್ಲಬೇಕು. ಆನಂತರವೇ ಕ್ರಯಪತ್ರಗಳ ಬಿಡುಗಡೆ.

ಆ ಬಿಡುಗಡೆ ತಡವಾದರೆ ಕೊಂಡವನಿಗೂ ಮಾರಿದವನಿಗೂ ಕಷ್ಟ. ಹೊಸ ಮನೆಯ ಬಾಗಿಲು ತೆರೆಯದೆ ಉಳಿಯಬಹುದು. ಭಾರತೀಯ ರಿಸರ್ವ್ ಬ್ಯಾಂಕು 2023ರಲ್ಲಿ ಇದಕ್ಕೊಂದು ಮಿತಿಯನ್ನು ವಿಧಿಸಿತು. ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ಸಾಲ ಕೊಟ್ಟ ಸಂಸ್ಥೆಯ ತಪ್ಪಿನಿಂದ ವಿಳಂಬವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವನ್ನು ತೆರಬೇಕು.

ಸ್ಮೃತಿಕಾರನು ಅಪಕೀರ್ತಿಯ ಭಯವನ್ನು ತೋರಿಸಿದ ಕಡೆ ಇಂದಿನ ನಿಯಮವು ದಂಡದ ಲೆಕ್ಕವನ್ನು ಇಟ್ಟಿದೆ. ಸಾಧನ ಬೇರೆಯಾದರೂ ಆಶಯ ಒಂದೇ. ಆಧಾರವೆಂದು ಒಪ್ಪಿಸಿದ ಮನೆ ಸಾಲ ತೀರಿದ ಬಳಿಕ ಒಂದು ದಿನವೂ ಸೆರೆಯಾಗಿ ಉಳಿಯಬಾರದು.