೧೮೬೪ರ ಕಲಕತ್ತೆಯ ಚಂಡಮಾರುತ

ಕಲಕತ್ತೆಯ ಚಂಡಮಾರುತವೆಂದು ಇತಿಹಾಸದಲ್ಲಿ ಹೆಸರಾದ ಉತ್ಪಾತವು ೧೮೬೪ನೆಯ ಇಸವಿ ಅಕ್ಟೋಬರ್ ೫ರಂದು ವಂಗದೇಶದ ಕರಾವಳಿಯನ್ನು ಅಪ್ಪಳಿಸಿತು. ಮಡಿದವರ ಸಂಖ್ಯೆ ಸುಮಾರು ೬೦,೦೦೦ ಎಂದು ಹೇಳುವುದು ವಾಡಿಕೆ. ಆದರೆ ಈ ಹೆಸರು ವಾಚಕರನ್ನು ತುಸು ದಾರಿತಪ್ಪಿಸುವಂಥದು. ಸತ್ತವರಲ್ಲಿ ನಗರವಾಸಿಗಳು ಅತ್ಯಲ್ಪ. ಹೂಗ್ಲಿಯ ಇಕ್ಕೆಲದ ತಗ್ಗುನೆಲದಲ್ಲಿ ಗುಡಿಸಲು ಕಟ್ಟಿಕೊಂಡು ಬಾಳುತ್ತಿದ್ದ ರೈತರೂ ಬೆಸ್ತರೂ ಬಹುಪಾಲು.

ಕೊಂದದ್ದು ಗಾಳಿಗಿಂತ ಹೆಚ್ಚಾಗಿ ನೀರು. ಹೂಗ್ಲಿಯ ಮುಖ ಲಾಳಿಕೆಯ ಆಕಾರದ್ದು. ಗಾಳಿಯು ತಳ್ಳಿ ತಂದ ಸಮುದ್ರಜಲವು ನದಿ ಕಿರಿದಾದಂತೆಲ್ಲ ಮೇಲೆ ಮೇಲೆ ಏರಿ, ಒಡ್ಡುಗಳನ್ನು ದಾಟಿ ಊರುಗಳಿಗೆ ನುಗ್ಗಿತು. ನದೀಮುಖದ ಸಾಗರದ್ವೀಪದಲ್ಲಿ ಸುಮಾರು ೫,೬೦೦ ಜನರಿದ್ದರು. ಉಳಿದವರು ೧,೫೦೦ಕ್ಕೂ ಕಡಿಮೆ. ನೀರಿಳಿದ ಮೇಲೆ ಕೆರೆಕುಂಟೆಗಳು ಉಪ್ಪಾಗಿ, ಹೆಣಗಳು ಕೊಳೆತು, ರೋಗರುಜಿನಗಳು ಹಬ್ಬಿದವು. ಕಲಕತ್ತೆಯ ಬಂದರಿನಲ್ಲಿದ್ದ ಸುಮಾರು ಇನ್ನೂರು ಹಡಗುಗಳಲ್ಲಿಯೂ ಬಹುಪಾಲು ಹಾನಿಗೊಂಡವು. ತಿಂಗಳು ತುಂಬುವ ಮೊದಲೇ, ನವೆಂಬರ್ ೧ರಂದು, ಮತ್ತೊಂದು ಚಂಡಮಾರುತ ಮಚಲೀಪಟ್ಟಣದಲ್ಲಿ ಸುಮಾರು ೩೦,೦೦೦ ಜನರನ್ನು ಬಲಿಗೊಂಡಿತು.

ಇಂಥ ಮಾರುತಗಳ ಸ್ವರೂಪ ಆಗ ಅಜ್ಞಾತವಾಗಿತ್ತೇ? ಅಲ್ಲ. ಹಡಗಿನ ಕಪ್ತಾನನಾಗಿದ್ದು ಕಲಕತ್ತೆಯಲ್ಲಿ ನೆಲೆಸಿದ ಹೆನ್ರಿ ಪಿಡಿಂಗ್ಟನ್, ನಾವಿಕರ ದಿನಚರಿಗಳನ್ನು ಕಲೆಹಾಕಿ, ಬಂಗಾಳ ಕೊಲ್ಲಿಯ ಬಿರುಗಾಳಿಗಳು ಒಂದು ಕೇಂದ್ರದ ಸುತ್ತ ತಿರುಗುತ್ತ ಸಾಗುವ ಬಗೆಯನ್ನು ವರ್ಷಗಟ್ಟಲೆ ನಿರೂಪಿಸಿದ್ದನು. ೧೮೪೮ರಲ್ಲಿ, ಹಾವಿನ ಸುರುಳಿಯನ್ನು ನೆನೆಸುವ ಗ್ರೀಕ್ ಪದದಿಂದ ‘ಸೈಕ್ಲೋನ್’ ಎಂಬ ಹೆಸರನ್ನು ರೂಢಿಗೆ ತಂದವನೂ ಅವನೇ. (ನಮ್ಮ ‘ಚಂಡಮಾರುತ’ ರಭಸವನ್ನು ಮಾತ್ರ ಹೇಳುತ್ತದೆ, ತಿರುಗುವ ಗುಣವನ್ನು ಹಳ್ಳಿಯ ‘ಸುಳಿಗಾಳಿ’ ಎಂಬ ಮಾತು ಚೆನ್ನಾಗಿ ಹಿಡಿದಿದೆ, ಅದು ಸೂಚಿಸುವುದು ಸಣ್ಣ ಗಾಳಿಯನ್ನಾದರೂ.) ಅವನು ೧೮೫೮ರಲ್ಲಿ ತೀರಿಕೊಂಡನು.

ಈ ವಿದ್ಯೆ ಹಡಗುಗಳಿಂದ ಹುಟ್ಟಿತು. ಬಹುಕಾಲ ಹಡಗುಗಳಿಗಾಗಿಯೇ ಬಾಳಿತು ಎಂಬುದು ನನ್ನ ಅಭಿಪ್ರಾಯ. ದುರಂತದ ಮರುವರ್ಷ ೧೮೬೫ರಲ್ಲಿ ಏರ್ಪಟ್ಟ ಮುನ್ಸೂಚನೆಯ ವ್ಯವಸ್ಥೆಯು ಕಲಕತ್ತೆಯ ಬಂದರಿಗಾಗಿ. ಗ್ಯಾಸ್ಟ್ರೆಲ್ ಮತ್ತು ಬ್ಲ್ಯಾನ್‌ಫೋರ್ಡ್ ೧೮೬೬ರಲ್ಲಿ ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು; ೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಗೊಂಡು, ಅದೇ ಬ್ಲ್ಯಾನ್‌ಫೋರ್ಡ್ ಅದರ ಮುಖ್ಯಸ್ಥನಾದನು. ಬಂದರಿನ ಕಂಬಕ್ಕೆ ಏರಿಸಿದ ಸಂಕೇತವನ್ನು ಕಪ್ತಾನನು ನೋಡಬಲ್ಲನು; ಹತ್ತಾರು ಹರಿದಾರಿ ದೂರದ ಗದ್ದೆಯಲ್ಲಿದ್ದ ರೈತನಿಗೆ ಅದನ್ನು ಯಾರು ಮುಟ್ಟಿಸಬೇಕು? ಮುಟ್ಟಿದರೂ ಅವನು ಓಡಿ ಹತ್ತಲು ದಿಬ್ಬವೆಲ್ಲಿತ್ತು?

ಇಲಾಖೆ ಹುಟ್ಟಿದ ಮರುವರ್ಷವೇ, ೧೮೭೬ರ ಅಕ್ಟೋಬರ್ ೩೧ರ ರಾತ್ರಿ, ಇಂದಿನ ಬಾಂಗ್ಲಾದೇಶದಲ್ಲಿರುವ ಮೇಘನಾ ನದೀಮುಖದ ಬಾಖರ್‌ಗಂಜ್ ಸೀಮೆಯ ಮೇಲೆ ಕಡಲು ಏರಿಬಂದಿತು. ಮುಳುಗಿ ಸತ್ತವರು ಸುಮಾರು ಒಂದು ಲಕ್ಷ; ಅನಂತರದ ಕಾಲರಾ ಮತ್ತು ಕ್ಷಾಮಗಳಿಂದ ಹೆಚ್ಚುಕಡಿಮೆ ಅಷ್ಟೇ ಜನರು ಗತಿಸಿದರು.